ಅರವತ್ತಕ್ಕೆ ಅರವತ್ತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಮನೆಯವರು ಹೇಳುತ್ತಿರುತ್ತಾರೆ. ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿರುವ ಮನುಷ್ಯ ಊರಿಗೆ ಬರುವುದು ವಾರಕ್ಕೊಂದು ದಿನ. ಆ ಒಂದು ದಿನದಲ್ಲೇ ಅವರಿಗೆ ಅಷ್ಟು ಕಂಡಿದೆ ಅಂದಮೇಲೆ ಸುಳ್ಳಿರಲಾರದು. ಆದರೆ ಫೆಬ್ರವರಿಯ ಆ ಭಾನುವಾರ ಶಿವಶಂಕರ ಸರ್ ನನ್ನ ಅರವತ್ತು ಫಾರಂಗಳ ಕಟ್ಟನ್ನು ಮೇಜಿನ ಮೇಲೆ ನನ್ನ ಕಡೆಗೇ ತಳ್ಳಿದಾಗ ಬಂದ ಸಿಟ್ಟಿಗೆ ಕಾರಣವಿತ್ತು ಅಂತ ನಾನು ಈಗಲೂ ವಾದ ಮಾಡುತ್ತೇನೆ.

ನಾನು ಕುಮಾರಿ. ಹುಟ್ಟಿದ್ದು ಕುದೇರಿನಲ್ಲಿ, ಕೊಟ್ಟಿದ್ದು ಹರವೆ ಹೋಬಳಿಯ ಒಂದು ಸಣ್ಣ ಊರಿಗೆ. ಒಂಬತ್ತು ವರ್ಷದಿಂದ ಆ ಊರಿಗೆ ನಾನೇ ಆಶಾ ಕಾರ್ಯಕರ್ತೆ. ಬಸುರಿಯರ ಲೆಕ್ಕ, ಮಕ್ಕಳ ಚುಚ್ಚುಮದ್ದು, ಮುದುಕರ ಬಿ.ಪಿ. ಮಾತ್ರೆ, ಎಲ್ಲ ನನ್ನ ಬ್ಯಾಗಿನಲ್ಲೇ ಓಡಾಡುತ್ತವೆ. ಮದುವೆಯಾದ ಮೇಲೆ ಮನೆಯಲ್ಲೇ ಕೂತು ಬಿ.ಎ. ಕಟ್ಟಿ, ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲಕ್ಕೆ ಪಾಸಾದವಳು ನಾನು. ಮೂವತ್ತೆಂಟಕ್ಕೆ ಇನ್ನೇನು ಓದು ಅಂತ ಸುಮ್ಮನಿದ್ದವಳಿಗೆ ಚಾಮರಾಜನಗರದ ವಿಶ್ವವಿದ್ಯಾಲಯದಲ್ಲಿ ಸಮುದಾಯ ಆರೋಗ್ಯದ ಸ್ನಾತಕೋತ್ತರ ಸರ್ಟಿಫಿಕೇಟ್ ಕೋರ್ಸು ಶುರುವಾದ ಸುದ್ದಿ ಬಂತು. ಒಂದೇ ವರ್ಷ, ಶನಿವಾರ ಭಾನುವಾರ ಮಾತ್ರ ಕ್ಲಾಸು. ಕೊನೆಯಲ್ಲಿ ಒಂದು ಪ್ರಾಜೆಕ್ಟು. ಆ ಪ್ರಾಜೆಕ್ಟಿನಲ್ಲಿ ನೂರಕ್ಕೆ ಅರವತ್ತು ಬಂದವರಿಗೆ ಮುಂದಿನ ವರ್ಷ ಎಂ.ಎಸ್.ಡಬ್ಲ್ಯೂಗೆ ಸೀಟು.

ಆ ಸೀಟು ನನಗೆ ಬೇಕಿತ್ತು. ಯಾಕೆ ಅಂತ ಕೇಳಿದವರಿಗೆಲ್ಲ ಕೆಲಸ, ಬಡ್ತಿ ಅಂತ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜವಾದ ಉತ್ತರ ಅಂದರೆ ಆಸೆ, ಅಷ್ಟೆ. ಹೆಸರಿನ ಮುಂದೆ ಎಂ.ಎಸ್.ಡಬ್ಲ್ಯೂ ಅಂತ ಬರೆದರೆ ಹೇಗೆ ಕಾಣುತ್ತದೆ ಅಂತ ನಾನು ಎಷ್ಟೋ ಸಲ ಹಳೇ ರಿಜಿಸ್ಟರಿನ ಕೊನೇ ಹಾಳೆಯಲ್ಲಿ ಬರೆದು ನೋಡಿದ್ದೆ.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ನಮ್ಮ ಊರಿನಲ್ಲಿ ಬಿ.ಪಿ. ಇರುವವರು ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅನ್ನುವುದನ್ನು. ಅಂಥವರು ಊರಲ್ಲಿ ಸರಿಯಾಗಿ ಅರವತ್ತು ಜನ. ಅರಿಶಿನ ಕೀಳುವ ಕಾಲವಾದ್ದರಿಂದ ಹಗಲು ಯಾರೂ ಮನೆಯಲ್ಲಿ ಸಿಗುತ್ತಿರಲಿಲ್ಲ. ಹೊಲದಿಂದ ಬರುವ ಹೊತ್ತಿಗೆ ಕಾದು, ಬಾಗಿಲಲ್ಲಿ ಹಿಡಿದು, ಒಬ್ಬೊಬ್ಬರಿಗೂ ಹನ್ನೆರಡು ಪ್ರಶ್ನೆ ಕೇಳಿ ಹತ್ತು ದಿನದಲ್ಲಿ ಮುಗಿಸಿದ್ದೆ. ಅದನ್ನೇ ನನ್ನ ಪ್ರಾಜೆಕ್ಟಿಗೆ ಗೈಡ್ ಆಗಿದ್ದ ಶಿವಶಂಕರ ಸರ್ ವಾಪಸು ತಳ್ಳಿದ್ದು. ಅವರು ಮಾತು ಕಡಿಮೆ ಆಡುವ ಮನುಷ್ಯ, ಕೆಂಪು ಪೆನ್ನಿಗೆ ಮಾತ್ರ ಬಾಯಿ ಜಾಸ್ತಿ.

"ಅರವತ್ತಕ್ಕೆ ಅರವತ್ತು ಜನಾನೂ ದಿನಾ ತಪ್ಪದೆ ಮಾತ್ರೆ ನುಂಗ್ತಾರೆ ಅಂತ ಬರೆದಿದ್ದೀರಿ," ಅಂದರು. "ನನಗೂ ಬಿ.ಪಿ. ಇದೆ ಕುಮಾರಿಯವರೇ. ನಾನೇ ವಾರಕ್ಕೆರಡು ಸಲ ಮರೀತೀನಿ. ನಿಜ ತಗೊಂಡು ಬನ್ನಿ, ಸೈನ್ ಹಾಕ್ತೀನಿ."

ಜನ ಹೇಳಿದ್ದನ್ನೇ ನಾನು ಬರೆದಿದ್ದೇನೆ, ಒಂದಕ್ಷರ ನಾನು ಸೇರಿಸಿಲ್ಲ ಅಂದೆ. ಅದು ನನಗೂ ಗೊತ್ತು ಅಂದರು ಸರ್. ರಿಪೋರ್ಟು ಒಪ್ಪಿಸಲು ಇನ್ನು ಇಪ್ಪತ್ತೈದು ದಿನವಿದೆ, ಸಾಕು ಅಂದರು. ಸೈನಿಲ್ಲದ ರಿಪೋರ್ಟನ್ನು ಆಫೀಸಿನಲ್ಲಿ ತೆಗೆದುಕೊಳ್ಳುವುದಿಲ್ಲ ಅನ್ನುವುದು ಅವರು ಹೇಳದೆಯೂ ನನಗೆ ತಿಳಿದಿತ್ತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅರವತ್ತಕ್ಕೆ ಅರವತ್ತು ಬಂದಾಗ ನನಗೂ ಒಳಗೇ ಅನುಮಾನ ಬಂದಿತ್ತು. ಬಂದ ಅನುಮಾನವನ್ನು ನಾನೇ ತಟ್ಟಿ ಮಲಗಿಸಿದ್ದೆ. ಯಾಕೆಂದರೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಈ ಅರವತ್ತು ಹೆಸರಿನ ಎದುರಿಗೂ ತಿಂಗಳು ತಿಂಗಳು 'ಸರಿಯಾಗಿ ಸೇವಿಸುತ್ತಿದ್ದಾರೆ' ಅಂತ ಟಿಕ್ ಹಾಕುತ್ತಿದ್ದವಳು ನಾನೇ. ಫಾರಮ್ಮಿನಲ್ಲೂ ಅದೇ ಉತ್ತರ ಬಂದರೆ ನನ್ನ ಕೆಲಸಕ್ಕೂ ಒಳ್ಳೆಯದು, ಓದಿಗೂ ಒಳ್ಳೆಯದು ಅಂತ ಖುಷಿಯಾಗಿಯೇ ಇದ್ದೆ. ಈಗ ನಿಜ ಬೇರೆ ಅಂತ ಬರೆದರೆ ನನ್ನ ರಿಜಿಸ್ಟರು ಸುಳ್ಳಾಗುತ್ತದೆ. ಬರೆಯದಿದ್ದರೆ ಸೀಟು ಹೋಗುತ್ತದೆ.

ನನ್ನ ಮುಖ ನೋಡಿ ಕ್ಲಾಸಿನ ಗೆಳತಿ ಫಾಯಿಜಾ ಅವತ್ತು ನನ್ನನ್ನು ಒಬ್ಬಳೇ ಊರಿಗೆ ಹೋಗಲು ಬಿಡಲಿಲ್ಲ. ಅವಳು ಗುಂಡ್ಲುಪೇಟೆಯವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳ ತಂದೆ ಯೂನುಸ್ ಸಾಹೇಬರದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೆಡಿಕಲ್ ಶಾಪು. ದಾರಿ ಸುತ್ತಾದರೂ ಅವಳ ಜೊತೆ ಬಸ್ಸು ಹತ್ತಿದೆ. ಅಂಗಡಿಯ ಒಳಗೆ ಡಬ್ಬಗಳ ನಡುವೆ ನನ್ನನ್ನು ಕೂರಿಸಿ, ಚಹಾ ತರಿಸಿ, ಫಾರಂಗಳನ್ನು ಒಂದೊಂದಾಗಿ ಓದಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಂಥ ಊರಿದ್ದರೆ ನಮ್ಮಪ್ಪ ಅಲ್ಲಿಗೇ ಅಂಗಡಿ ಎತ್ತಿಕೊಂಡು ಬರ್ತಾರೆ ಅಕ್ಕಾ ಅಂದಳು. ನನಗೆ ನಗು ಬರಲಿಲ್ಲ.

ನಾವು ಅಲ್ಲಿ ಕೂತಿರುವಾಗಲೇ ಒಬ್ಬ ಮನುಷ್ಯ ಚೀಟಿ ಹಿಡಿದು ಬಂದ. ಬಿ.ಪಿ. ಮಾತ್ರೆ ಐದು ಕೊಡಿ, ತಲೆ ಸುತ್ತುತ್ತಿದೆ ಅಂದ. ಯೂನುಸ್ ಸಾಹೇಬರು ಮಾತ್ರೆ ತೆಗೆಯುವ ಮೊದಲು ಒಂದು ಸ್ಟೂಲು ಎಳೆದು ಕೂರಿ ಅಂದರು. ಆತ ಕೂತ. ಮಳೆ, ಬಾಳೆ ಗೊನೆ, ಮಗಳ ಮನೆ ಅಂತ ಏನೇನೋ ಮಾತಾಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆತ ತಾನಾಗಿಯೇ, ಮೂರು ತಿಂಗಳಿಂದ ಮಾತ್ರೆ ಮುಟ್ಟಿಲ್ಲ ಅಂತ ಹೇಳಿಬಿಟ್ಟ. ನಾನು ಚಹಾದ ಲೋಟ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದೆ. ಹೊರಡುವಾಗ ಫಾಯಿಜಾ ಒಂದು ಉಪಾಯ ಹೇಳಿದಳು: ಬಾಯಲ್ಲಿ ಕೇಳಬೇಡಿ ಅಕ್ಕಾ, ಮನೆಯಲ್ಲಿ ಮಿಕ್ಕಿರೋ ಮಾತ್ರೆ ತೆಗೆಸಿ ಎಣಿಸಿ, ಕೊಟ್ಟದ್ದೆಷ್ಟು ಅಂತ ನಿಮಗೆ ಗೊತ್ತೇ ಇದೆಯಲ್ಲ.

ಊರು ಸೇರುವಾಗ ಸಂಜೆಯಾಗಿತ್ತು. ಪಕ್ಕದ ಮನೆಯ ಪುಟ್ಟಮಲ್ಲಮ್ಮ ಜಗಲಿಯ ಮೇಲೆ ಅರಿಶಿನದ ಬೇರು ಕಡಿಯುತ್ತಾ ಕೂತಿದ್ದಳು. ಅವಳೂ ಅರವತ್ತರಲ್ಲಿ ಒಬ್ಬಳು. ನಾನು ಬ್ಯಾಗನ್ನೂ ಇಳಿಸದೆ ನೇರವಾಗಿ, ನೀನು ದಿನಾ ಮಾತ್ರೆ ನುಂಗುತ್ತೀಯಾ, ನಿಜ ಹೇಳು ಅಂದೆ. ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ನಮ್ಮ ಮನೆ ಬಾಗಿಲ ಕಡೆ ನೋಡಿದಳು.

"ನಿಮ್ಮತ್ತೆ ಓಟು ಕೇಳಂಗೆ ಮನೆ ಮನೆಗೂ ಬಂದಿದ್ಲು ಕಣಮ್ಮಿ," ಅಂದಳು. "ನಮ್ ಸೊಸೆ ಪಾಸಾಗಕ್ಕೆ ಅರವತ್ತು ಮಾರ್ಕ್ಸ್ ಬೇಕು, ನಾವಿರದೂ ಅರವತ್ತು ಜನ. ಒಬ್ಬೊಬ್ರದು ಒಂದೊಂದು ಮಾರ್ಕ್ಸು. ಯಾರಾರ ಒಬ್ರು ನುಂಗಲ್ಲ ಅಂದ್ರೆ ಸೀಟು ಓಯ್ತದೆ ಅಂದ್ಲು. ನಮ್ಮುಡುಗಿ ಓದದ ನಾವು ಕೆಡಿಸಾಕಾಯ್ತದಾ?"

ನಾನು ಜಗಲಿಯ ಮೇಲೆ ಕುಸಿದು ಕೂತೆ. ನಮ್ಮ ಅತ್ತೆ ಸಣ್ಣತಾಯಮ್ಮ, ಎಪ್ಪತ್ತರ ಹತ್ತಿರದ ಹೆಂಗಸು, ನಾನು ಫಾರಂ ಹಿಡಿದು ಹೋಗುವ ಮುಂಚಿನ ದಿನವೇ ಒಂದೊಂದು ಬೀದಿಯನ್ನೂ ಮುಗಿಸಿಕೊಂಡು ಬಂದಿದ್ದರಂತೆ. ಅರವತ್ತು ಮಾರ್ಕ್ಸು ಬೇಕು ಅಂತ ಮನೆಯಲ್ಲಿ ದಿನಾ ಹೇಳಿದವಳು ನಾನು. ಅರವತ್ತು ಜನರಿದ್ದಾರೆ ಅಂತ ಹೇಳಿದವಳೂ ನಾನೇ. ಎರಡನ್ನೂ ಕೂಡಿಸಿದ್ದು ಮಾತ್ರ ಅವರು. ಊರಿನ ಪಾಲಿಗೆ ಅದು ಒಪ್ಪುವ ಮಾತೇ ಆಗಿತ್ತು. ಸ್ಕೂಲಿಗೆ ಇನ್‌ಸ್ಪೆಕ್ಟರು ಬರುವ ದಿನ ಮಕ್ಕಳಿಗೆ ತಲೆ ಬಾಚಿ ಕಳಿಸಿ ಮೇಷ್ಟ್ರ ಮಾನ ಉಳಿಸುವ ಊರು, ಆಶಾ ಕುಮಾರಿಯ ಮಾನ ಉಳಿಸದೆ ಇರುತ್ತದೆಯೇ? ನಮ್ಮೂರಲ್ಲಿ ನಾಲ್ಕು ಜನ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಸಲುವಾಗಿ ಅರವತ್ತು ಜನ ಒಂದಾಗಿದ್ದರು, ಅದೂ ಸುಳ್ಳು ಹೇಳುವುದಕ್ಕೆ.

ಮನೆಗೆ ಹೋಗಿ ಅತ್ತೆಯ ಮೇಲೆ ಹಾರಾಡಿದೆ. ಅವರು ಒಲೆ ಮುಂದೆ ಸೊಪ್ಪು ಸೋಸುತ್ತಿದ್ದರು. ನಿಮ್ಮಿಂದ ನನ್ನ ಸೀಟು ಹೋಯಿತು, ಒಂದು ವರ್ಷ ಓದಿದ್ದು ನೀರಲ್ಲಿ ಹೋಯಿತು ಅಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವುದು ಬೇಡ.  ಒಳ್ಳೇದಾಗಲಿ ಅಂತ ಮಾಡಿದೆ ಅಂತಲೂ ಅವರು ಹೇಳಲಿಲ್ಲ. ಸೊಪ್ಪು ಸೋಸುವುದನ್ನು ಮುಗಿಸಿ, ಕಡ್ಡಿಗಳನ್ನು ಮೊರದಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋದರು. ಆ ಸಂಜೆ ಅವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಬೆಳಗ್ಗೆ ನನ್ನ ಸಿಟ್ಟು ಇಳಿದಿತ್ತು. ಕೆಲಸ ಮಾತ್ರ ಹಾಗೇ ನಿಂತಿತ್ತು. ಎಣಿಸುವುದಿದ್ದರೆ ನಮ್ಮ ಮನೆಯಿಂದಲೇ ಶುರುಮಾಡೋಣ, ಇಲ್ಲಿಯಾದರೂ ಒಂದು ಲೆಕ್ಕ ಸರಿಯಾಗಿ ಸಿಗುತ್ತದೆ ಅಂದುಕೊಂಡು ಒಂದನೇ ನಂಬರಿನ ಫಾರಂ ತೆಗೆದೆ. ಅದು ಅತ್ತೆಯದೇ. ತೆಗೆದ ಮೇಲೆ ನೆನಪಾಯಿತು, ಆ ಫಾರಮ್ಮನ್ನು ನಾನು ಅವರನ್ನು ಕೇಳಿ ತುಂಬಿರಲಿಲ್ಲ. ನಮ್ಮ ಅತ್ತೆಯಲ್ಲವೇ, ನಾನೇ ಮಾತ್ರೆ ತಂದುಕೊಡುವವಳಲ್ಲವೇ ಅಂತ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು, ಹಾಲು ಕಾಯುವಷ್ಟರಲ್ಲಿ ಹನ್ನೆರಡಕ್ಕೂ ಟಿಕ್ ಹಾಕಿ ಮುಗಿಸಿದ್ದೆ.

ಮಿಕ್ಕಿರುವ ಮಾತ್ರೆ ತನ್ನಿ ಅತ್ತೆ, ಎಣಿಸಬೇಕು ಅಂದೆ.  ಅವರು ಒಳಗೆ ಹೋಗಿ, ಅಕ್ಕಿ ಮೂಟೆಯ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದೆ ಇಟ್ಟರು. ಮುಚ್ಚಳ ತೆಗೆದರೆ ಡಬ್ಬದ ತುಂಬ ಮಾತ್ರೆ. ಇಪ್ಪತ್ತನಾಲ್ಕು ಸ್ಟ್ರಿಪ್ಪು, ಒಂದನ್ನೂ ಒಡೆದಿರಲಿಲ್ಲ. ತಿಂಗಳಿಗೆ ಮೂರರಂತೆ ಎಂಟು ತಿಂಗಳಿನದು.  ಎಂಟು ತಿಂಗಳು ಒಂದೇ ಒಲೆಯ ಅಡಿಗೆ ಉಂಡಿದ್ದೇವೆ.

"ಕಾಲು ಊದ್ಕತವೆ ಕಣಮ್ಮಿ," ಅಂದರು ಅತ್ತೆ. "ಎಲ್ಡು ತಿಂಗ್ಳು ನುಂಗ್ದೆ. ಸಂದೆ ಹೊತ್ಗೆ ಪಾದ ಬನ್ನಿನಂಗೆ ಆಗೋವು, ನೆಲಕ್ಕೆ ಊರಾಕಾಯ್ತಿರ್ನಿಲ್ಲ. ಬುಟ್ಬುಟ್ಟೆ."

"ನನಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಕೇಳ್ನಿಲ್ವಲ್ಲ. ಬಾಗ್ಲಲ್ಲಿ ನಿಂತ್ಕಂಡು ಮಾತ್ರೆ ಆಯ್ತಾ ಅತ್ತೆ ಅಂತೀಯೆ. ಆಯ್ತು ಅಂದ್ರೆ ಬರ್ಕತೀಯೆ, ಒಂಟೋಯ್ತೀಯೆ. ನಿಂಗೆ ಇನ್ನೂ ಊರೆಲ್ಲಾ ಸುತ್ತದಿರ್ತದೆ. ನಾನ್ಯಾಕೆ ಅಡ್ಡ ಬರ್ಲಿ ಅಂತ ಸುಮ್ಕಾದೆ."

ಅವರು ದೂರುವ ಹಾಗೆ ಹೇಳಲಿಲ್ಲ. ಅನ್ನ ಆಗಿದೆ ಅನ್ನುವಷ್ಟೇ ಸಾದಾ ಆಗಿ ಹೇಳಿದರು. ನನಗೆ ನಾಚಿಕೆಯಾಯಿತು. ಒಂಬತ್ತು ವರ್ಷದಲ್ಲಿ ಟ್ರೈನಿಂಗುಗಳಲ್ಲಿ ನನ್ನನ್ನು ಹೊಗಳಿದವರೆಲ್ಲ ನೆನಪಿಗೆ ಬಂದರು, ಅದರಿಂದ ಇನ್ನೂ ನಾಚಿಕೆಯಾಯಿತು. ಹಿಂದಿನ ಸಂಜೆ ಹಾರಾಡಿದ್ದಕ್ಕೆ ತಪ್ಪಾಯಿತು ಅತ್ತೆ ಅಂದೆ. ಇರಲಿ ಬುಡು ಅಂದರು. ನಾನು ಮಣೆ ಎಳೆದುಕೊಂಡು ಅವರ ಎದುರಿಗೆ ಕೂತೆ. ಒಂದನೇ ನಂಬರಿಗೆ ಹೊಸ ಫಾರಂ ತೆಗೆದು ಮೊದಲಿಂದ ಕೇಳಿದೆ. ಕಾಲು ಊದುವುದರಿಂದ ಶುರುವಾದ ಮಾತು ನಿದ್ದೆಗೆ ಹೋಯಿತು, ಮಾವ ತೀರಿಕೊಂಡ ವರ್ಷಕ್ಕೆ ಹೋಯಿತು, ಮತ್ತೆ ಕಾಲಿಗೆ ಬಂತು. ಮುಕ್ಕಾಲು ಗಂಟೆ ಹಿಡಿಯಿತು. ಆ ಮನೆಗೆ ಬಂದು ಹದಿನೆಂಟು ವರ್ಷವಾಗಿದ್ದರೂ ನಾವಿಬ್ಬರೂ ಹಾಗೆ ಎದುರು ಬದುರು ಕೂತು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಕೊನೆಗೆ ನಾನು ಅವರಿಗೆ ಮಾರ್ಕ್ಸಿನ ವಿಷಯ ಬಿಡಿಸಿ ಹೇಳಿದೆ. ನುಂಗಿದರೂ ನುಂಗದಿದ್ದರೂ ನನಗೆ ಮಾರ್ಕ್ಸು ಬರುತ್ತದೆ, ನಿಜ ಬರೆದಿದ್ದೇನೆಯೋ ಇಲ್ಲವೋ ಅನ್ನುವುದಷ್ಟೇ ಲೆಕ್ಕ ಅಂದೆ. ಅವರು ಗಲ್ಲಕ್ಕೆ ಕೈಯಿಟ್ಟುಕೊಂಡು ಯೋಚಿಸಿದರು. ಹಾಗಾದರೆ ನಾನೇ ಹೋಗಿ ಸರಿಮಾಡಿ ಬರುತ್ತೇನೆ ಅಂದರು. ಬೇಡ ಅಂದರೆ ಕೇಳುವ ಹೆಂಗಸಲ್ಲ.

ಅವತ್ತು ಸಂಜೆ ಅತ್ತೆ ಬಿಸ್ಕತ್ತಿನ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಮನೆ ಮನೆಯಲ್ಲೂ ಕೂತು, ಡಬ್ಬದ ಮುಚ್ಚಳ ತೆಗೆದು ತೋರಿಸಿ, "ಇಕಾ, ನಂದು ಇಷ್ಟು ಮಿಕ್ಕದೆ. ನಾಚ್ಕ ಬ್ಯಾಡಿ, ನಿಮ್ದೂ ತಗ್ದು ಮಡಗಿ, ನಾಳೆ ಕುಮಾರಿ ಬತ್ತಾಳೆ," ಅಂತ ಹೇಳಿಕೊಂಡು ಬಂದರಂತೆ. ಮೊದಲು ತಾವು ಹೇಳಿಕೊಟ್ಟ ಸುಳ್ಳನ್ನು ಒಂದೊಂದು ಮನೆಯಿಂದಲೂ ತಾವೇ ವಾಪಸು ಪಡೆದರು. ನನಗಾಗಿದ್ದರೆ ಆ ಧೈರ್ಯ ಬರುತ್ತಿರಲಿಲ್ಲ.

ಆಮೇಲಿನ ಹದಿನೈದು ದಿನ ನಾನು ಹೊತ್ತು ಹುಟ್ಟುವ ಮೊದಲೇ ಎದ್ದು, ಜನ ಹೊಲಕ್ಕೆ ಹೊರಡುವ ಮುಂಚೆ ಎರಡು ಮನೆ, ಬಂದ ಮೇಲೆ ಎರಡು ಮನೆ ಅಂತ ಮಾಡಿದೆ. ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟೆ. ಚಾಪೆ ಹಾಕಿದರೆ ಚಾಪೆ, ಇಲ್ಲದಿದ್ದರೆ ನೆಲ, ಕೂತೇ ಕೇಳಿದೆ. ಮಾತ್ರೆಗಳು ಎಲ್ಲೆಲ್ಲಿಂದ ಹೊರಗೆ ಬಂದವು ಅಂತೀರಿ. ದೇವರ ಫೋಟೋದ ಹಿಂದಿನಿಂದ, ಸೀರೆ ಟ್ರಂಕಿನಿಂದ, ಸೂರಿನ ಸಂದಿಯಿಂದ. ಪುಟ್ಟಮಲ್ಲಮ್ಮನೂ ಅವಳ ಗಂಡನೂ ಒಬ್ಬರ ಮಾತ್ರೆಯನ್ನೇ ಇಬ್ಬರೂ ನುಂಗುತ್ತಿದ್ದರು, ಒಂದು ದಿನ ಅವನು, ಒಂದು ದಿನ ಅವಳು. ಮತ್ತೊಬ್ಬರ ಪಾಲಿನದನ್ನು ಮಳೆಗಾಲಕ್ಕೆ ಇರಲಿ ಅಂತ ಎತ್ತಿಟ್ಟಿದ್ದರು. ಕೆಳಗಿನ ಬೀದಿಯ ನಂಜಯ್ಯನವರು ತಿಂಗಳೆಲ್ಲ ಮುಟ್ಟದೆ, ಆಸ್ಪತ್ರೆಗೆ ಹೋಗುವ ದಿನ ಬೆಳಗ್ಗೆ ಎರಡು ಒಟ್ಟಿಗೆ ನುಂಗಿ ಹೋಗುತ್ತಿದ್ದರಂತೆ. ಯಾಕೆ ಹಾಗೆ ಅಂತ ಕೇಳಿದರೆ, ಡಾಕ್ಟರು ಬೇಜಾರು ಮಾಡಿಕೊಳ್ಳಬಾರದಲ್ಲ ಅಂದರು. ಮಾತ್ರೆಯನ್ನು ನಿಜವಾಗಿ ದಿನಾ ನುಂಗುವ ರಿಟೈರ್ಡ್ ಬಸ್ ಡ್ರೈವರ್ ಒಬ್ಬರಿದ್ದಾರೆ. ಅವರ ಮಾತನ್ನು ಅಕ್ಕಪಕ್ಕದವರು ಯಾರೂ ನಂಬದ ಕಾರಣ, ಅವರು ನನ್ನ ಕೈಲಿ ಎರಡೆರಡು ಸಲ ಎಣಿಕೆ ಮಾಡಿಸಿದರು.

ಲೆಕ್ಕ ಹಾಕಿದಾಗ ದಿನಾ ತಪ್ಪದೆ ತೆಗೆದುಕೊಳ್ಳುವವರು ಹತ್ತೊಂಬತ್ತು ಜನ. ಆಗಾಗ ತೆಗೆದುಕೊಳ್ಳುವವರು ಇಪ್ಪತ್ತನಾಲ್ಕು. ಪೂರ್ತಿ ಬಿಟ್ಟವರು ಹದಿನೇಳು.  ಫಾಯಿಜಾ ಆ ಹಾಳೆಯನ್ನು ನೋಡಿ ಇನ್ನೊಂದು ವಿಷಯ ಹಿಡಿದಳು. ತಪ್ಪಿಸುವ ನಲವತ್ತೊಂದು ಜನರಲ್ಲಿ ಹದಿನಾರು ಮಂದಿ ಒಂದೇ ಕಾರಣ ಹೇಳಿದ್ದರು, ಕಾಲು ಊದುತ್ತದೆ ಅಂತ. ಹದಿನಾರರಲ್ಲಿ ಹದಿಮೂರು ಜನ ಹೆಂಗಸರು. ಒಬ್ಬರೂ ಡಾಕ್ಟರಿಗೆ ಹೇಳಿರಲಿಲ್ಲ. ಆ ಮಾತ್ರೆ ಕೆಲವರಿಗೆ ಹಾಗೆ ಮಾಡುವುದುಂಟು, ಬೇರೆ ಮಾತ್ರೆ ಇದೆ ಅಂತ ಯೂನುಸ್ ಸಾಹೇಬರು ಹೇಳಿದರಂತೆ.

ಶಿವಶಂಕರ ಸರ್ ರಿಪೋರ್ಟನ್ನು ಒಂದು ವಾರ ಇಟ್ಟುಕೊಂಡು ಓದಿದರು. ಕೆಂಪು ಪೆನ್ನು ಎರಡೇ ಕಡೆ ಆಡಿತ್ತು. ಸೈನ್ ಹಾಕುವ ಮೊದಲು, ಇದು ಬೇರೆ ಯಾರ ಬಾಯಿಂದಲೋ ಹೋಗುವುದಕ್ಕಿಂತ ನೀವೇ ನಿಮ್ಮ ಆಸ್ಪತ್ರೆಯ ಡಾಕ್ಟರಿಗೆ ಹೇಳುವುದು ಒಳ್ಳೆಯದು ಅಂದರು. ಅವರು ಹೇಳುವ ಮುಂಚೆಯೇ ನಾನು ಹಾಗಂದುಕೊಂಡಿದ್ದೆ ಅಂತ ಇಲ್ಲಿ ಬರೆಯಬಹುದಿತ್ತು, ಆದರೆ ಅಂದುಕೊಂಡಿರಲಿಲ್ಲ. ಹೆದರಿಕೊಂಡೇ ಹೋದೆ. ಡಾಕ್ಟರು ನನ್ನ ರಿಜಿಸ್ಟರನ್ನೂ ಹೊಸ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹತ್ತು ನಿಮಿಷ ಸರಿಯಾಗಿ ಬೈದರು. ಬೈಗುಳ ನನಗೆ ಸಲ್ಲಬೇಕಾದದ್ದೇ. ಕಾಲು ಊದುವ ಹದಿನಾರರ ಸಾಲಿಗೆ ಬಂದಾಗ ಮಾತ್ರ ಸುಮ್ಮನಾದರು. ಅವರನ್ನೆಲ್ಲ ಕರೆದುಕೊಂಡು ಬಾ ಅಂದರು. ಮುಂದಿನ ಸೋಮವಾರ ಎರಡು ಆಟೋದಲ್ಲಿ ಹದಿನಾರು ಜನ ಹೋದರು. ಒಬ್ಬೊಬ್ಬರ ಕಾಲನ್ನೂ ನೋಡಿ, ಹನ್ನೆರಡು ಜನಕ್ಕೆ ಮಾತ್ರೆ ಬದಲಾಯಿಸಿದರು. ಅತ್ತೆಯೂ ಅದರಲ್ಲಿ ಒಬ್ಬರು. ಹೊಸ ಮಾತ್ರೆಗೆ ಅವರ ಪಾದ ಊದಲಿಲ್ಲ.

ಡಾಕ್ಟರು ಬೈದು ಬಿಟ್ಟರು, ಆದರೆ ಪ್ರಾಜೆಕ್ಟಿನ ವೈವಾ ಇನ್ನೂ ಬಾಕಿ ಇತ್ತು. ಏಪ್ರಿಲ್ ಕೊನೆಯಲ್ಲಿ ಅದಕ್ಕೆ ಮೈಸೂರಿನಿಂದ ಒಬ್ಬರು ಮೇಡಂ ಬಂದಿದ್ದರು. ಬಿಳೀ ಕೂದಲು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಎದುರಿಗಿದ್ದವರ ಕಣ್ಣನ್ನೇ ನೋಡುವವರು. ನನ್ನ ರಿಪೋರ್ಟನ್ನು ಮೊದಲ ಹಾಳೆಯಿಂದ ತಿರುವಿದರು. ಫಾರಂ ಎಷ್ಟು, ಯಾವ ತಿಂಗಳು, ಎಣಿಸಿದ್ದು ಹೇಗೆ ಅಂತ ಕೇಳಿದರು. ಅಷ್ಟಕ್ಕೆಲ್ಲ ಬಾಯಿಪಾಠದಂತೆ ಉತ್ತರ ಹೇಳಿದೆ. ಆಮೇಲೆ ರಿಪೋರ್ಟನ್ನು ಮುಚ್ಚಿದರು.

"ಈ ಊರಿನ ಆಶಾ ಕಾರ್ಯಕರ್ತೆ ನೀವೇ. ನಿಮ್ಮ ರಿಜಿಸ್ಟರಿನಲ್ಲಿ ಅರವತ್ತು ಜನಾನೂ ಸರಿಯಾಗಿ ಸೇವಿಸ್ತಿದ್ದಾರೆ ಅಂತ ಇದೆ ಅಂತ ಇದರಲ್ಲೇ ಬರೆದಿದ್ದೀರಿ. ಈ ರಿಪೋರ್ಟು ಹತ್ತೊಂಬತ್ತು ಅನ್ನುತ್ತೆ. ಎರಡೂ ನಿಮ್ಮ ಕೈಬರಹವೇ. ನಾನು ಯಾವುದನ್ನು ನಂಬಲಿ?"

ಶಿವಶಂಕರ ಸರ್ ಕಿಟಕಿಯ ಆಚೆ ನೋಡುತ್ತಾ ಕೂತರು.  ಕೆಲಸದ ಒತ್ತಡ, ಓಡಾಟ, ಒಬ್ಬಳೇ ಅಷ್ಟು ಮನೆ, ಹೇಳುವುದಕ್ಕೆ ಬೇಕಾದಷ್ಟಿತ್ತು, ಎಲ್ಲವೂ ನಿಜವೇ. ಇಲ್ಲಿ ಒಂದು ಮಾತು ತಪ್ಪಿದರೆ ಅರವತ್ತು ಬರುವುದಿಲ್ಲ ಅಂತಲೂ ಗೊತ್ತಿತ್ತು.

"ರಿಜಿಸ್ಟರು ನಾನು ನಿಂತ್ಕೊಂಡು ಬರೆದದ್ದು ಮೇಡಂ," ಅಂದೆ. "ಇದು ಕೂತ್ಕೊಂಡು ಬರೆದದ್ದು. ಇದನ್ನ ನಂಬಿ."

 ಅವರು ಪೆನ್ನು ತೆಗೆದು, ಕೂತು ಕೇಳುವುದಕ್ಕೆ ಒಂದು ಮನೆಗೆ ಎಷ್ಟು ಹೊತ್ತು ಬೇಕಾಯಿತು ಅಂತ ಕೇಳಿದರು. ಮುಕ್ಕಾಲು ಗಂಟೆ ಅಂದೆ. ಎಲ್ಲ ತಿಂಗಳೂ ಹಾಗೆ ಕೂರುವುದಕ್ಕೆ ಆಗುತ್ತದೆಯೇ ಅಂತ ಕೇಳಿದರು. ಆಗುವುದಿಲ್ಲ, ದಿನಕ್ಕೆ ಒಂದು ಮನೆ ಆಗುತ್ತದೆ, ಅಷ್ಟು ಮಾಡುತ್ತಿದ್ದೇನೆ ಅಂದೆ. ಅವರು ಅದನ್ನು ಬರೆದುಕೊಂಡು, ಹೋಗಿ ಬನ್ನಿ ಅಂದರು.

ಜೂನ್ ಮೊದಲ ವಾರ ನೋಟಿಸ್ ಬೋರ್ಡಿಗೆ ಪಟ್ಟಿ ಬಿತ್ತು. ಫಾಯಿಜಾಗೆ ಅರವತ್ತಾರು. ನನಗೆ ಎಪ್ಪತ್ತೊಂದು. ಹೆಸರಿನ ಪಕ್ಕದಲ್ಲಿ ಎಂ.ಎಸ್.ಡಬ್ಲ್ಯೂಗೆ ಅರ್ಹರು ಅಂತ ಬರೆದಿತ್ತು. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಮೂರು ಸಲ ಓದಿದೆ. ಇಬ್ಬರೂ ಕ್ಯಾಂಟೀನಿನಲ್ಲಿ ಒಂದೊಂದು ಮಸಾಲೆ ದೋಸೆ ತಿಂದೆವು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಪಕ್ಕ ಕೂತು ಕಣ್ಣೀರು ಹಾಕಿದೆ, ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ನಮ್ಮ ಮನೆಯವರು ಇದನ್ನು ಓದದಿದ್ದರೆ ಒಳ್ಳೆಯದು.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತು ಕಾಯುತ್ತಿದ್ದರು. ಎಪ್ಪತ್ತೊಂದು ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಇರುವುದೇ ಅರವತ್ತು ಜನ, ಎಪ್ಪತ್ತೊಂದು ಹೇಗೆ ಬಂತು, ಆ ಹನ್ನೊಂದು ಯಾರದು ಅಂತ ಕೇಳಿದರು. ನಾನು ಎಷ್ಟು ಬಿಡಿಸಿ ಹೇಳಿದರೂ ಮಾರ್ಕ್ಸಿನ ಲೆಕ್ಕ ಅವರ ತಲೆಯಲ್ಲಿ ಹಳೆಯ ಜಾಗಕ್ಕೇ ಹೋಗಿ ಕೂರುತ್ತಿತ್ತು. ಕೊನೆಗೆ ಇಬ್ಬರಿಗೂ ನಗು ಬಂತು. ಪುಟ್ಟಮಲ್ಲಮ್ಮ ಗೋಡೆಯಾಚೆಯಿಂದಲೇ ಏನಂತೆ ಅಂತ ಕೂಗಿದಳು, ಸೀಟು ಸಿಕ್ಕಿತಂತೆ ಅಂತ ಅತ್ತೆ ಕೂಗಿ ಹೇಳಿದರು.

ಆಮೇಲೆ ನನ್ನ ಕಡೆ ತಿರುಗಿ, ಈ ಹೊಸ ಓದಿಗೂ ಹೀಗೇ ಮನೆ ಮನೆಗೆ ಹೋಗಬೇಕಾ ಅಂತ ಕೇಳಿದರು. ಹೋಗಬೇಕು ಅತ್ತೆ, ಎರಡು ವರ್ಷ ಅಂದೆ.

ಅವರು ಜಗಲಿಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ಹಂಗಾದ್ರೆ ಮೊದ್ಲು ನಮ್ಮನೆಗೆ ಬಾ ಕಣಮ್ಮಿ," ಅಂದರು. "ಕುಂತ್ಕಂಡು ಕೇಳು."

ಬರುತ್ತೇನೆ ಅಂತ ಹೇಳಿ, ಬ್ಯಾಗು ಇಳಿಸಿ ಅವರ ಪಕ್ಕದಲ್ಲಿ ಕೂತೆ.